ಈ ವಸಂತದಲ್ಲಿ ಹೊಳೆ ಹೇಗಿದೆ? ನ್ಯೂಜೆರ್ಸಿ, ಕ್ಯಾಟ್ಸ್‌ಕಿಲ್, ಪೆನ್ಸಿಲ್ವೇನಿಯಾ ಕಡೆಯ ಫ್ಲೈ ಫಿಶಿಂಗ್ ಮಾತುಕತೆ

ಹೊಳೆದಂಡೆ · ಹಂಟರ್‌ಡನ್ ಕೌಂಟಿ, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ.

ಯುಗಾದಿ ಕಳೆದ ಕೂಡಲೇ ಪ್ರತಿ ವರ್ಷ ನನಗೆ ಬರುವ ಮೆಸೇಜು ಒಂದೇ. "ಹೊಳೆ ಹೇಗಿದೆ? ಈ ವಾರ ಬರಬಹುದಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಇಲ್ಲೇ ಬರೆಯೋಣ. ಹೊಸಬರಿಗೆ: ಫ್ಲೈ ಅಂದರೆ ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿದ ಗಾಳ. ಅದರಿಂದ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯುವುದು ನಮ್ಮ ಫ್ಲೈ ಫಿಶಿಂಗ್. ನೀವೂ ನಿಮ್ಮ ಕಡೆಯ ಸುದ್ದಿ ಹಾಕಿ.

ಮೊದಲು ಒಂದು ಮಾತು. ತಾರೀಖು ನೋಡಿಕೊಂಡು ಹೊರಡಬೇಡಿ. ನೀರು ಎಷ್ಟು ತಣ್ಣಗಿದೆ, ಎಷ್ಟು ಹರಿಯುತ್ತಿದೆ, ಇವೆರಡನ್ನು ನೋಡಿ ಹೊರಡಿ. ನ್ಯೂಜೆರ್ಸಿಯಲ್ಲಿ ಟ್ರೌಟ್ ಸೀಸನ್ ಏಪ್ರಿಲ್ ಮೊದಲರ್ಧದ ಒಂದು ಶನಿವಾರ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಆ ದಿನ ದಂಡೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಎಷ್ಟೋ ವರ್ಷ ಆ ಬೆಳಿಗ್ಗೆ ನೀರು ಇನ್ನೂ 42, 43 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೇ ಇರುತ್ತದೆ. ಅಷ್ಟು ಚಳಿಯಲ್ಲಿ ಟ್ರೌಟ್ ತಳಕ್ಕೆ ಅಂಟಿಕೊಂಡಿರುತ್ತದೆ. ಮೂತಿಯ ಹತ್ತಿರ ಬಂದದ್ದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಕದಲುವುದಿಲ್ಲ. ಮೇಲೆ ತೇಲುವ ಡ್ರೈ ಫ್ಲೈ ಹಾಕಿ ಇಡೀ ದಿನ ನಿಂತರೂ ಅಷ್ಟೇ.

ನಾನು ಹೊಳೆಗೆ ಇಳಿದ ಕೂಡಲೇ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಡುತ್ತೇನೆ. 45 ದಾಟಿದರೆ ಮೀನು ಸ್ವಲ್ಪ ಅಲುಗಾಡುತ್ತದೆ. ನಿಂಫ್, ಅಂದರೆ ನೀರೊಳಗಿನ ಮರಿಹುಳದಂಥ ಫ್ಲೈ, ತಳದಲ್ಲಿ ಉರುಳುವಂತೆ ಬಿಟ್ಟರೆ ಸಿಗುತ್ತದೆ. ಮಧ್ಯಾಹ್ನದ ಹೊತ್ತು 50 ದಾಟಿ, ಎರಡು ಮೂರು ದಿನ ಹಾಗೇ ನಿಂತರೆ, ಹೆಂಡ್ರಿಕ್ಸನ್ ಹುಳ ಏಳುತ್ತದೆ, ಅಂದರೆ ತಳದಿಂದ ಮೇಲೆ ಬಂದು ರೆಕ್ಕೆ ಬಿಚ್ಚುತ್ತದೆ. ಇಡೀ ವರ್ಷ ಕಾಯುವುದು ಅದಕ್ಕೇ ಅಲ್ವಾ! 55ರಿಂದ 62ರವರೆಗೆ ಟ್ರೌಟ್ ಚೆನ್ನಾಗಿ ತಿನ್ನುತ್ತದೆ. 68ಕ್ಕೆ ಹತ್ತಿರ ಬಂದರೆ ರಾಡ್ ಮಡಚಿ ಮನೆಗೆ ಹೋಗಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಒದ್ದಾಡಿದ ಮೀನು ಬಿಟ್ಟ ಮೇಲೂ ಸಾಯುತ್ತದೆ.

ಇನ್ನು ಹರಿವು. ಇಲ್ಲಿ ಪ್ರತಿ ಮುಖ್ಯ ಹೊಳೆಗೂ ಅಮೆರಿಕದ ಭೂವಿಜ್ಞಾನ ಸರ್ವೇ ಇಲಾಖೆಯ ಗೇಜ್, ಅಂದರೆ ಹರಿವು ಅಳೆಯುವ ಮಾಪಕ, ಇದೆ. ಗಂಟೆಗೊಮ್ಮೆಗಿಂತ ಜಾಸ್ತಿ ಅಂಕಿ ಹೊಸದಾಗಿ ಬರುತ್ತದೆ, ಫೋನಿನಲ್ಲೇ ನೋಡಬಹುದು. ಅಲ್ಲಿ ಬರೆದಿರುವುದು ಸೆಕೆಂಡಿಗೆ ಇಷ್ಟು ಘನ ಅಡಿ ಅಂತ, ಅಂದರೆ ನಮ್ಮ ಕ್ಯೂಸೆಕ್ಕೇ. ಕೆಆರ್‌ಎಸ್ ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ಪೇಪರಿನಲ್ಲಿ ಓದಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾರಿಟನ್ ನದಿಯ ಸೌತ್ ಬ್ರಾಂಚ್ ಕವಲಿನಲ್ಲಿ ಹೈ ಬ್ರಿಜ್ ಗೇಜ್ 100ರಿಂದ 200 ಕ್ಯೂಸೆಕ್ ಒಳಗಿದ್ದರೆ ನಾನು ಧೈರ್ಯವಾಗಿ ಇಳಿಯುತ್ತೇನೆ. 300 ದಾಟಿದರೆ ಅದೇ ಹೊಳೆಯ ಕೆನ್ ಲಾಕ್‌ವುಡ್ ಗಾರ್ಜ್ ಅನ್ನುವ ಕಣಿವೆಯಲ್ಲಿ ದಂಡೆ ಬಿಡುವುದಿಲ್ಲ. ಅಲ್ಲಿ ಬಂಡೆಗಳು ಕಾರಿನಷ್ಟು ದೊಡ್ಡವು, ನಡುವೆ ಸೆಳವು ಜೋರು.

ಸದ್ಯದ ಸುದ್ದಿ: ಭಾನುವಾರದ ಮಳೆಗೆ ಹೊಳೆ ಬಂದಿತ್ತು, ಈಗ ಇಳಿಯುತ್ತಿದೆ. ನೀರು ತಿಳಿಯಾಗುತ್ತಾ ಇದೆ, ಆದರೆ ಪೂರ್ತಿ ಆಗಿಲ್ಲ. ಮಧ್ಯಾಹ್ನ 47. ಹುಳಗಳಲ್ಲಿ ಕಪ್ಪು ಸ್ಟೋನ್‌ಫ್ಲೈ ಮುಗಿಯುತ್ತಾ ಬಂತು, ಮೋಡ ಇದ್ದ ದಿನ ಸಣ್ಣ ಬ್ಲೂ ವಿಂಗ್ಡ್ ಆಲಿವ್ ಕಾಣಿಸುತ್ತಿದೆ. ಕ್ವಿಲ್ ಗಾರ್ಡನ್ ಒಂದೆರಡು. ಹೆಂಡ್ರಿಕ್ಸನ್ ಇನ್ನೂ ಇಲ್ಲ.

---

ಹೊಸಗಾಳ · ಎಡಿಸನ್

ಹೊಳೆದಂಡೆ ಸರ್, ತುಂಬಾ ಉಪಯೋಗ ಆಯಿತು. ನಾನು ಪೂರ್ತಿ ಹೊಸಬ. ಊರಲ್ಲಿ ಕೆರೆಗೆ ಬಿದಿರು ಕೋಲು, ಎರೆಹುಳ ತಗೊಂಡು ಹೋಗಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ಮಗಳಿಗೆ 11 ವರ್ಷ, ಅವಳೇ ಹಟ ಹಿಡಿದಿದ್ದಾಳೆ. ಲೈಸೆನ್ಸ್ ಏನು ಬೇಕು? ಏನೇನು ಕೊಳ್ಳಬೇಕು? ಅಂಗಡಿಗೆ ಹೋದರೆ ತಲೆ ತಿರುಗುತ್ತದೆ.

---

ಹೊಳೆದಂಡೆ

ಮಗಳು ಹಟ ಹಿಡಿದಿದ್ದಾಳೆ ಅಂದರೆ ಅರ್ಧ ಕೆಲಸ ಆಯಿತು ಬಿಡಿ.

16ರ ಒಳಗಿನವರಿಗೆ ಲೈಸೆನ್ಸ್ ಬೇಡ. ನಿಮಗೆ ನ್ಯೂಜೆರ್ಸಿ ಲೈಸೆನ್ಸ್ ಬೇಕು, ಅದರ ಮೇಲೆ ಟ್ರೌಟ್ ಸ್ಟ್ಯಾಂಪ್ ಬೇಕು. ಪೆನ್ಸಿಲ್ವೇನಿಯಾದಲ್ಲೂ ಹಾಗೇ, ಲೈಸೆನ್ಸ್ ಜೊತೆ ಟ್ರೌಟ್ ಪರ್ಮಿಟ್. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಒಂದೇ ಸಾಕು. ಪ್ರತಿ ವರ್ಷ ನಿಯಮದ ಪುಸ್ತಕ ಬರುತ್ತದೆ, ಪುಕ್ಕಟೆ. ಹೋಗುವ ಹೊಳೆಯ ಪುಟವನ್ನು ಓದಿಕೊಂಡೇ ಹೋಗಿ. ಒಂದೇ ಹೊಳೆಯಲ್ಲಿ ಸೇತುವೆಯ ಮೇಲ್ಗಡೆ ಒಂದು ನಿಯಮ, ಕೆಳಗಡೆ ಇನ್ನೊಂದು ಇರುತ್ತದೆ. ಗಾರ್ಜ್‌ನಲ್ಲಿ ಎರೆಹುಳ ಹಾಕುವಂತಿಲ್ಲ, ಫ್ಲೈಯಂಥ ಕೃತಕ ಆಮಿಷ ಮಾತ್ರ.

ಸಾಮಾನು: 9 ಅಡಿಯ 5 ವೆಯ್ಟ್ ರಾಡ್, ರೀಲು, ಲೈನ್ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಸಿಗುವುದನ್ನು ತಗೊಳ್ಳಿ. ಲೈನ್ ತುದಿಗೆ ಕಟ್ಟುವ 9 ಅಡಿ ಲೀಡರ್ ದಾರ, ಅದರ ತುದಿಗೆ ಫ್ಲೈ ಕಟ್ಟಲು 5ಎಕ್ಸ್ ಅನ್ನುವ ಸಣ್ಣ ಟಿಪ್ಪೆಟ್ ದಾರ. ನಾಲ್ಕೈದು ಥರದ ಫ್ಲೈ. ದುಡ್ಡು ಉಳಿದರೆ ಒಳ್ಳೆ ವೇಡರ್ಸ್ (ಹೊಳೆಗೆ ಇಳಿಯಲು ಹಾಕುವ, ನೀರು ಹಿಡಿಯದ ಉಡುಪು) ಮೇಲೆ ಹಾಕಿ. ಏಪ್ರಿಲ್ ನೀರಿನಲ್ಲಿ ಒಳಗೆ ದಪ್ಪ ಫ್ಲೀಸ್ ಪ್ಯಾಂಟ್ ಇಲ್ಲದೆ ನಿಲ್ಲಲು ಆಗದು.

ಮಗಳನ್ನು ಮಾತ್ರ ಈ ತಿಂಗಳು ನೀರಿಗೆ ಇಳಿಸಬೇಡಿ. ದಂಡೆಯಿಂದಲೇ ಕಲಿಯಲಿ. ನೀವು ಇಳಿದರೂ ವೇಡರ್ಸ್ ಮೇಲೆ ಸೊಂಟಕ್ಕೆ ಬೆಲ್ಟ್ ಬಿಗಿಯಾಗಿ ಕಟ್ಟಿ, ಕೈಯಲ್ಲಿ ಊರುಗೋಲು ಇರಲಿ. ಬಿದ್ದರೆ ಬೆಲ್ಟ್ ಇಲ್ಲದ ವೇಡರ್ಸ್ ಒಳಗೆ ನೀರು ತುಂಬುತ್ತದೆ. 45 ಡಿಗ್ರಿ ನೀರಿನಲ್ಲಿ ಕೈಬೆರಳು ಕೆಲವೇ ನಿಮಿಷಕ್ಕೆ ಮಾತು ಕೇಳುವುದಿಲ್ಲ.

---

ಕ್ಯಾಟ್ಸ್‌ಕಿಲ್ ಕಡೆಯವ · ಬಿಂಗ್‌ಹ್ಯಾಮ್ಟನ್, ನ್ಯೂಯಾರ್ಕ್

ಉತ್ತರದ ಕ್ಯಾಟ್ಸ್‌ಕಿಲ್ ಬೆಟ್ಟದ ಕಡೆಯ ಸುದ್ದಿ ನಾನು ಹಾಕುತ್ತೇನೆ. ನಮ್ಮಲ್ಲಿ ಎಲ್ಲವೂ ನ್ಯೂಜೆರ್ಸಿಗಿಂತ ಒಂದು ವಾರ, ಹತ್ತು ದಿನ ತಡ. ಬೆಟ್ಟದ ಉತ್ತರದ ಮಗ್ಗುಲಲ್ಲಿ ಹಿಮ ಇನ್ನೂ ಇದೆ. ಹಗಲು ಬಿಸಿಲು ಬಿದ್ದರೆ ಸಂಜೆಗೆ ಹೊಳೆ ಏರುತ್ತದೆ, ನೀರು ಮತ್ತೆ ತಣ್ಣಗಾಗುತ್ತದೆ. ಬಿಸಿಲು ಬಂತು ಅಂತ ಖುಷಿಪಟ್ಟು ಓಡಿ ಬರುವವರು ಇದನ್ನು ಮರೆಯುತ್ತಾರೆ. ಹಿಮ ಪೂರ್ತಿ ಕರಗಿ ಮುಗಿಯುವವರೆಗೆ ಬಿಸಿಲು ಹೊಳೆಯನ್ನು ಬಿಸಿ ಮಾಡುವುದಿಲ್ಲ.

ಇಲ್ಲಿ ಎರಡು ಜಾತಿಯ ಹೊಳೆ ಇದೆ, ವಸಂತದಲ್ಲಿ ಅವುಗಳ ನಡತೆ ಬೇರೆ ಬೇರೆ. ಬೀವರ್‌ಕಿಲ್, ವಿಲೋವೆಮಾಕ್ ಎರಡೂ ಬೆಟ್ಟದಿಂದ ತಾವಾಗಿ ಹರಿದು ಬರುವ ಹೊಳೆಗಳು, ರಾಸ್ಕೋ ಊರಿನ ಜಂಕ್ಷನ್ ಪೂಲ್‌ನಲ್ಲಿ ಕೂಡುತ್ತವೆ. ಡೆಲವೇರ್ ನದಿಯ ವೆಸ್ಟ್ ಬ್ರಾಂಚ್‌ಗೆ ಕ್ಯಾನನ್ಸ್‌ವಿಲ್ ಅಣೆಕಟ್ಟು, ಈಸ್ಟ್ ಬ್ರಾಂಚ್‌ಗೆ ಪೆಪ್ಯಾಕ್ಟನ್ ಅಣೆಕಟ್ಟು. ಎರಡೂ ನ್ಯೂಯಾರ್ಕ್ ನಗರದ ಕುಡಿಯುವ ನೀರಿಗಾಗಿ ಕಟ್ಟಿದ್ದು. ನೀರು ಬಿಡುವುದು ಜಲಾಶಯದ ತಳದಿಂದ. ಅದಕ್ಕೇ ಆಗಸ್ಟ್‌ನಲ್ಲಿ ಬೇರೆ ಹೊಳೆಗಳು ಬೆಂದು ಹೋದಾಗಲೂ ವೆಸ್ಟ್ ಬ್ರಾಂಚ್ ತಣ್ಣಗಿರುತ್ತದೆ. ಆದರೆ ಏಪ್ರಿಲ್‌ನಲ್ಲಿ ಅದೇ ತೊಂದರೆ. ಅಣೆಕಟ್ಟಿನ ಕೆಳಗೆ ನೀರು 40ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಹುಳ ಏಳುವುದು ನಿಧಾನ.

ಒಂದು ಗುಟ್ಟು ಹೇಳುತ್ತೇನೆ. ಜಲಾಶಯ ತುಂಬಿ ಕೋಡಿ ಬಿದ್ದರೆ ಲೆಕ್ಕ ಬದಲಾಗುತ್ತದೆ. ಕೋಡಿ ನೀರು ಮೇಲ್ಪದರದ್ದು, ಬಿಸಿಲು ಕಂಡದ್ದು. ಅದು ತಳದ ನೀರಿನ ಜೊತೆ ಸೇರಿದರೆ ಕೆಳಗೆ ಹೊಳೆ ಬೇಗ ಬೆಚ್ಚಗಾಗುತ್ತದೆ. ಹರಿವು ಜಾಸ್ತಿ ಇದ್ದು ನಡೆಯಲು ಆಗದಿದ್ದರೂ, ದೋಣಿಯಲ್ಲಿ ಹೋಗುವವರಿಗೆ ಆಗ ಹಬ್ಬ. ಹಾಗಾಗಿ ಅಂಕಿ ಮಾತ್ರ ನೋಡಬೇಡಿ, ನೀರು ಎಲ್ಲಿಂದ ಬರುತ್ತಿದೆ ಅಂತಲೂ ನೋಡಿ.

ಬೀವರ್‌ಕಿಲ್‌ಗೆ ಕುಕ್ಸ್ ಫಾಲ್ಸ್ ಗೇಜ್ ನೋಡುತ್ತೇನೆ. ಅಲ್ಲಿ 1000 ಕ್ಯೂಸೆಕ್ ಮೇಲಿದ್ದರೆ ನನಗೆ ಕಾಲು ನಿಲ್ಲುವುದಿಲ್ಲ.

---

ನೊಣ ಕಟ್ಟುವವಳು · ಸ್ಟೇಟ್ ಕಾಲೇಜ್, ಪೆನ್ಸಿಲ್ವೇನಿಯಾ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ನಮ್ಮ ಕಡೆ ಮೂರನೇ ಜಾತಿ ಇದೆ, ಅದನ್ನು ಸೇರಿಸುತ್ತೇನೆ. ಸುಣ್ಣಕಲ್ಲಿನ ಒರತೆ ಹೊಳೆ. ಇಲ್ಲಿನ ಸ್ಪ್ರಿಂಗ್ ಕ್ರೀಕ್ ಅಂಥದ್ದು. ಭೂಮಿಯೊಳಗಿಂದ ಬರುವ ನೀರು ವರ್ಷವಿಡೀ 50ರ ಆಸುಪಾಸಿನಲ್ಲೇ ಇರುತ್ತದೆ. ಒರತೆ ಹತ್ತಿರದಲ್ಲಿ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ನಿಮ್ಮ ಹೊಳೆ ರಾಡಿಯಾಗಿ ಉಕ್ಕುತ್ತಿರುವ ದಿನ ಎಷ್ಟೋ ಸಲ ಇಲ್ಲಿ ಆರಾಮಾಗಿ ಗಾಳ ಹಾಕಬಹುದು. ಮಾರ್ಚಿನಿಂದಲೇ ಬ್ಲೂ ವಿಂಗ್ಡ್ ಆಲಿವ್ ಇರುತ್ತದೆ. ಮೇ ಮಧ್ಯಕ್ಕೆ ಸಲ್ಫರ್ ಅನ್ನುವ ಹಳದಿ ಹುಳ ಶುರುವಾದರೆ ಸಂಜೆ ಏಳರಿಂದ ಕತ್ತಲಾಗುವವರೆಗೆ ನೀರಿನ ಮೇಲೆ ಮೀನಿನ ಬಾಯಿ ಏಳುವುದೊಂದೇ ಕಾಣುವುದು.

ಸ್ಪ್ರಿಂಗ್ ಕ್ರೀಕ್‌ನಲ್ಲಿ ಹಿಡಿದ ಮೀನನ್ನು ಮನೆಗೆ ಒಯ್ಯುವಂತಿಲ್ಲ. ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ಹಿಂದೆ ಕೀಪೋನ್, ಮೈರೆಕ್ಸ್ ಅನ್ನುವ ಕೀಟನಾಶಕಗಳು ಈ ಹೊಳೆಗೆ ಸೇರಿ ಮೀನಿನ ಮೈಯಲ್ಲಿ ಉಳಿದವು. ತಿನ್ನುವುದು ಅಪಾಯ ಅಂತ 1982ರಿಂದ ಎಲ್ಲ ಮೀನನ್ನೂ ಬಿಡಬೇಕು ಅಂತ ನಿಯಮ ಮಾಡಿದರು. ಹೊರಗಿಂದ ಮೀನು ತಂದು ಬಿಡುವುದೂ ನಿಂತಿತು. ಆಮೇಲೆ ಕಾಡು ಬ್ರೌನ್ ಟ್ರೌಟ್ ತಾನಾಗಿ ಹೆಚ್ಚಿತು. ಈಗ ಪೆನ್ಸಿಲ್ವೇನಿಯಾದ ಒಳ್ಳೆಯ ಟ್ರೌಟ್ ಹೊಳೆಗಳ ಪಟ್ಟಿಯಲ್ಲಿ ಇದರ ಹೆಸರು ಇದ್ದೇ ಇರುತ್ತದೆ. ಆದರೆ ಇಲ್ಲಿ ಒಂದು ಕಾಲಕ್ಕೆ ಏಳುತ್ತಿದ್ದ ಗ್ರೀನ್ ಡ್ರೇಕ್ ಹುಳ ಮಾಲಿನ್ಯದಲ್ಲಿ ಅಳಿದುಹೋಗಿದ್ದು ಮರಳಿ ಬರಲಿಲ್ಲ. ಅದನ್ನು ನೋಡಬೇಕಾದರೆ ಮೇ ಕೊನೆಗೆ ಪೆನ್ಸ್ ಕ್ರೀಕ್‌ಗೆ ಹೋಗಬೇಕು.

ಹೊಳೆದಂಡೆ ಅಣ್ಣ, ನೀವು ಹುಳದ ಹೆಸರು ಹೇಳಿ ಮುಂದೆ ಹೋಗಿಬಿಟ್ಟಿರಿ. ಹೊಸಬರಿಗೆ ಅದನ್ನು ಗುರುತಿಸುವುದು ಹೇಗೆ ಅಂತ ಹೇಳಬೇಕಲ್ವಾ? ನಾನು ಹೇಳುತ್ತೇನೆ.

ಹೊಳೆಗೆ ಹೋದ ಕೂಡಲೇ ಅಂಗೈಯಗಲದ ಒಂದು ಕಲ್ಲು ಎತ್ತಿ, ಮಗುಚಿ ನೋಡಿ. ನೀರು ಸೋರಿ ಹೋದ ಮೇಲೆ ಎರಡು ನಿಮಿಷ ಸುಮ್ನೆ ಕಾಯಿರಿ. ಹುಳಗಳು ತಾವೇ ಹರಿದಾಡುತ್ತವೆ. ಕಲ್ಲಿಗೆ ಅಂಟಿಕೊಂಡ ಚಪ್ಪಟೆ ಹುಳಕ್ಕೆ ಎರಡೇ ಬಾಲ ಇದ್ದು, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರು ಇದ್ದರೆ ಅದು ಕ್ವಿಲ್ ಗಾರ್ಡನ್ ಜಾತಿ. ಎರಡು ಬಾಲ ಇದ್ದು, ಹೊಟ್ಟೆಯ ಬದಿಗೆ ಕಿವಿರು ಇಲ್ಲದೆ, ಕಾಲ ತುದಿಯಲ್ಲಿ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಕಂದು ಬಣ್ಣ, ಸ್ವಲ್ಪ ಗುಂಡು ಮೈ, ಮೂರು ಬಾಲ ಇದ್ದರೆ ಹೆಂಡ್ರಿಕ್ಸನ್ ಆಗಿರಬಹುದು. ಈಗ ಅದರ ಬೆನ್ನು ನೋಡಿ. ಅಲ್ಲಿ ರೆಕ್ಕೆ ಮೂಡುವ ಜಾಗದಲ್ಲಿ ಸಣ್ಣ ಗಂಟು ಇರುತ್ತದೆ. ಅದು ಕಪ್ಪಾಗಿ ಉಬ್ಬಿದ್ದರೆ ಹುಳ ಏಳುವ ಕಾಲ ಹತ್ತಿರ ಬಂತು. ಇನ್ನೂ ತಿಳಿ ಕಂದು ಇದ್ದರೆ ಒಂದು ವಾರ ತಡೆಯಿರಿ. ನೋಡಿದ ಮೇಲೆ ಕಲ್ಲನ್ನು ಎತ್ತಿದ ಜಾಗದಲ್ಲೇ, ಎತ್ತಿದ ಮಗ್ಗುಲಲ್ಲೇ ಇಡಿ.

ಇನ್ನೊಂದು. ಕ್ವಿಲ್ ಗಾರ್ಡನ್ ಹುಳ ತಳದಲ್ಲೇ ಪೊರೆ ಬಿಟ್ಟು, ರೆಕ್ಕೆ ಬಿಚ್ಚಿಕೊಂಡೇ ಮೇಲೆ ಬರುತ್ತದೆ. ಅದಕ್ಕೇ ಅದು ಏಳುವಾಗ ಡ್ರೈ ಫ್ಲೈಗಿಂತ ಮುಳುಗಿದ ವೆಟ್ ಫ್ಲೈಗೆ ಜಾಸ್ತಿ ಮೀನು ಬೀಳುತ್ತದೆ.

---

ಕೊಳ್ಳೇಗಾಲದವ · ಪಾರ್ಸಿಪನಿ, ನ್ಯೂಜೆರ್ಸಿ

ಅಕ್ಕ, ಈ ಕಲ್ಲಿನ ವಿಷಯ ಯಾರೂ ಹೇಳಿಕೊಟ್ಟಿರಲಿಲ್ಲ. ನಾಳೆಯೇ ನೋಡುತ್ತೇನೆ.

ಆದರೆ ಡ್ರೈ ಫ್ಲೈ ಕಾಯುತ್ತಾ ಕೂರುವುದು ನನಗೆ ಒಪ್ಪಿಗೆ ಇಲ್ಲ. ಟ್ರೌಟ್ ತಿನ್ನುವುದರಲ್ಲಿ ಬಹುಪಾಲು ನೀರೊಳಗೇ. ಏಪ್ರಿಲ್‌ನಲ್ಲಿ ಬೀಡ್ ಹೆಡ್ ಫೆಸೆಂಟ್ ಟೇಲ್, ಹೇರ್ಸ್ ಇಯರ್ ಅನ್ನುವ ನಿಂಫ್ ಎರಡನ್ನೂ ಒಂದರ ಕೆಳಗೊಂದು ಕಟ್ಟಿ ತಳದಲ್ಲಿ ಬಿಟ್ಟರೆ ದಿನವಿಡೀ ಕೆಲಸ ಇರುತ್ತದೆ. ಮೇಲೆ ಒಂದು ಸಣ್ಣ ಇಂಡಿಕೇಟರ್, ನಮ್ಮ ತೇಲುವ ಬೆಂಡಿನ ಹಾಗೆ. ಅದು ತಡೆದಂತೆ ಕಂಡರೆ ಎಳೆಯಿರಿ. ಅಷ್ಟೇ.

---

ಹೊಳೆದಂಡೆ

ಅದು ನಿಜ. ಚಳಿ ನೀರಿನಲ್ಲಿ ನಿಮ್ಮ ಮಾತೇ ಸರಿ. 50 ಆಗುವವರೆಗೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ಹುಳ ಏಳುವ ಆ ಎರಡು ಗಂಟೆ, ಮಧ್ಯಾಹ್ನ ಎರಡರಿಂದ ನಾಲ್ಕು ಅಂತಿಟ್ಟುಕೊಳ್ಳಿ, ಆಗಲೂ ತಲೆ ತಗ್ಗಿಸಿ ಇಂಡಿಕೇಟರನ್ನೇ ನೋಡುತ್ತಿದ್ದರೆ ಮೇಲೆ ಏನಾಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಆಗ ಕೆಳಗಿನ ನಿಂಫ್ ಬಿಚ್ಚಿ 14ನೇ ನಂಬರಿನ ಗಾಳದ ಹೆಂಡ್ರಿಕ್ಸನ್ ಡ್ರೈ ಫ್ಲೈ ಕಟ್ಟಿ.

ಆ ಫ್ಲೈಗೂ ಒಂದು ಕಥೆ ಇದೆ. ಬೀವರ್‌ಕಿಲ್ ದಂಡೆಯಲ್ಲಿ ರಾಯ್ ಸ್ಟೀನ್‌ರಾಡ್ ಅನ್ನುವವರು 1916ರಲ್ಲಿ ಅದನ್ನು ಕಟ್ಟಿದರು. ಜೊತೆಗೆ ಗಾಳ ಹಾಕುತ್ತಿದ್ದ ಆಲ್ಬರ್ಟ್ ಹೆಂಡ್ರಿಕ್ಸನ್ ಅವರ ಹೆಸರಿಟ್ಟರು. ಆಮೇಲೆ ಹುಳಕ್ಕೂ ಅದೇ ಹೆಸರು ಅಂಟಿಕೊಂಡಿತು. ಸ್ಟೀನ್‌ರಾಡ್‌ಗೆ ಫ್ಲೈ ಕಟ್ಟಲು ಕಲಿಸಿದವರು ಥಿಯೋಡರ್ ಗಾರ್ಡನ್. ಅಮೆರಿಕದ ಡ್ರೈ ಫ್ಲೈ ಅವರಿಂದ ಶುರುವಾಯಿತು ಅಂತಾರೆ. ಇಂಗ್ಲೆಂಡಿನ ನಿಧಾನ ಹೊಳೆಗಳ ಫ್ಲೈ ಕ್ಯಾಟ್ಸ್‌ಕಿಲ್‌ನ ಜೋರು ನೀರಿನಲ್ಲಿ ಮುಳುಗಿಹೋಗುತ್ತದೆ ಅಂತ ಅವರು ಹುಂಜದ ಗಟ್ಟಿ ಕುತ್ತಿಗೆಗರಿಯ ಫ್ಲೈ ಕಟ್ಟಿದರು. ಇವತ್ತಿಗೂ ಅದೇ ಮಾದರಿ ಅಲ್ಲಿ ಮೀನು ಹಿಡಿಯುತ್ತದೆ. ಲಿವಿಂಗ್‌ಸ್ಟನ್ ಮ್ಯಾನರ್‌ನಲ್ಲಿ ಫ್ಲೈ ಫಿಶಿಂಗ್ ಮ್ಯೂಸಿಯಂ ಇದೆ. ಮಳೆಯಿಂದ ಹೊಳೆ ಕೆಟ್ಟ ದಿನ ಮನೆಗೆ ವಾಪಸ್ ಬರುವ ಬದಲು ಅಲ್ಲಿಗೆ ಹೋಗಿ.

---

ತುಂಗಾತೀರ · ಪ್ರಿನ್ಸ್‌ಟನ್ ಹತ್ತಿರ

ನಾನು ಮೀನು ಹಿಡಿಯುವವನಲ್ಲ. ಗೆಳೆಯರೊಬ್ಬರು ಕಳಿಸಿದ್ದರಿಂದ ಓದಿದೆ. ನೀವೆಲ್ಲ ಹೊಳೆಯನ್ನು ಇಷ್ಟು ಗಮನಿಸುತ್ತೀರಿ ಅಂತ ಸಂತೋಷ ಆಯಿತು. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ನಾನು ಶೃಂಗೇರಿ ಕಡೆಯವನು. ಅಲ್ಲಿ ಮಠದ ಕೆಳಗೆ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕುತ್ತೇವೆ, ಮುಟ್ಟುವುದಿಲ್ಲ. ಶಿಶಿಲದಲ್ಲೂ ಹಾಗೇ. ತಿನ್ನುವುದಕ್ಕೆ ಹಿಡಿದರೆ ಅರ್ಥ ಆಗುತ್ತದೆ. ತಿನ್ನುವುದೂ ಇಲ್ಲ, ಬಾಯಿಗೆ ಗಾಳ ಚುಚ್ಚಿ, ಒದ್ದಾಡಿಸಿ, ಮತ್ತೆ ಬಿಡುವುದು. ಇದು ಹಿಂಸೆ ಅಲ್ವಾ? ಜಗಳಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

---

ಹೊಳೆದಂಡೆ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ ಸರ್. ನೋವು ಇಲ್ಲ ಅಂತ ನಾನು ಹೇಳುವುದಿಲ್ಲ. ಬಿಟ್ಟ ಮೀನೆಲ್ಲ ಬದುಕುತ್ತದೆ ಅಂತಲೂ ಹೇಳುವುದಿಲ್ಲ. ಅದಕ್ಕೇ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತೇವೆ, ಬೇಗ ಬಿಡಿಸಬಹುದು. ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತೇವೆ. ಒಣ ಕೈ ಅದರ ಮೈಯ ಲೋಳೆಯನ್ನು ಕೀಳುತ್ತದೆ, ಆಮೇಲೆ ರೋಗ ಹತ್ತುತ್ತದೆ. ಫೋಟೋಗಾಗಿ ಗಾಳಿಯಲ್ಲಿ ಎತ್ತಿ ಹಿಡಿಯುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. 68 ಡಿಗ್ರಿ ಅಂತ ಹಟ ಹಿಡಿಯುವುದೂ ಅದಕ್ಕೇ.

ಆದರೆ ಇನ್ನೊಂದು ಮಗ್ಗುಲು ನೋಡಿ. ಈ ಹೊಳೆಗಳಿಗಾಗಿ ದಣಿಯುತ್ತಿರುವವರು ಯಾರು? ಗಾಳದ ಸಾಮಾನಿನ ಮೇಲಿನ ತೆರಿಗೆ 1950ರ ಒಂದು ಕಾಯ್ದೆಯ ಪ್ರಕಾರ ಮೀನು, ಹೊಳೆಗಳ ಕೆಲಸಕ್ಕೇ ಹೋಗುತ್ತದೆ. ನಮ್ಮ ಮಸ್ಕನೆಟ್‌ಕಾಂಗ್ ಹೊಳೆಯಲ್ಲಿ ಹ್ಯೂಸ್‌ವಿಲ್ ಅಣೆಯನ್ನು 2016ರಲ್ಲಿ ಒಡೆದು ತೆಗೆದರು. ಹೊಳೆಯ ಸಂಘದವರು ವರ್ಷಗಟ್ಟಲೆ ಬೆನ್ನು ಹತ್ತಿದ ಕೆಲಸ ಅದು. ಮರುವರ್ಷದ ವಸಂತದಲ್ಲೇ ಸಮುದ್ರದಿಂದ ಶ್ಯಾಡ್ ಮೀನು ಡೆಲವೇರ್ ಹತ್ತಿ, ಅಲ್ಲಿಂದ ಮಸ್ಕನೆಟ್‌ಕಾಂಗ್ ಒಳಗೆ ಬಂತು. ಅಣೆಗಳು ದಾರಿ ಮುಚ್ಚಿದ ಮೇಲೆ ಎಷ್ಟೋ ತಲೆಮಾರು ಅಲ್ಲಿ ಯಾರೂ ಕಾಣದ ಮೀನು!

---

ಕೊಳ್ಳೇಗಾಲದವ

ತುಂಗಾತೀರ ಸರ್, ನಮ್ಮ ಕಡೆಯ ಮಾತೊಂದು ಸೇರಿಸುತ್ತೇನೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಹಿಂದೆ ಮಹಶೀರ್ ಹಿಡಿದು ಬಿಡುವ ಕ್ಯಾಂಪ್ ಇದ್ದವು. ಅಭಯಾರಣ್ಯದೊಳಗೆ ಅದಕ್ಕೆ ಅವಕಾಶ ಇಲ್ಲ ಅಂತ ನಿಂತುಹೋಯಿತು. ಹಿಡಿಯುವುದೇ ತಪ್ಪು ಅನ್ನುವವರಿಗೆ ಅದು ಸರಿ ಅನ್ನಿಸಿತು. ಆದರೆ ಆ ಕ್ಯಾಂಪ್‌ಗಳ ಕಾವಲುಗಾರರಲ್ಲಿ ಊರಿನ ಹುಡುಗರೇ ಇದ್ದರು, ಡೈನಮೈಟ್ ಹಾಕುವವರನ್ನು ತಡೆಯುತ್ತಿದ್ದರು. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ತೀರಾ ಅಳಿವಿನಂಚಿನ ಪಟ್ಟಿಗೆ ಸೇರಿತು. ಕ್ಯಾಂಪ್ ಮುಚ್ಚಿದ್ದರಿಂದಲೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಬೇರೆ ಕಡೆಯಿಂದ ತಂದು ಬಿಟ್ಟ ಮಹಶೀರ್, ಅಣೆಕಟ್ಟು, ಮರಳು, ಎಲ್ಲವೂ ಸೇರಿದೆ. ಹೊಳೆ ಹತ್ತಿರ ದಿನಾ ಕೂರುವ ಜನ ಇರಬೇಕು ಅನ್ನುವುದು ನನ್ನ ಮಾತು.

---

ತುಂಗಾತೀರ

ಪೂರ್ತಿ ಒಪ್ಪಿದೆ ಅಂತ ಹೇಳಲಾರೆ. ಆದರೆ ಇಬ್ಬರೂ ಮನಸ್ಸಿಟ್ಟು ಉತ್ತರ ಕೊಟ್ಟಿರಿ, ಧನ್ಯವಾದ. ಆ ಶ್ಯಾಡ್ ಮೀನನ್ನು ಹಿಡಿಯದೆ ಸುಮ್ನೆ ನೋಡುವುದಕ್ಕೆ ಎಲ್ಲಿ ಹೋಗಬೇಕು?

---

ಹೊಳೆದಂಡೆ

ಲ್ಯಾಂಬರ್ಟ್‌ವಿಲ್‌ಗೆ ಹೋಗಿ ಸರ್, ನಿಮಗೆ ಹತ್ತಿರ. ಅಲ್ಲಿ ಲೂಯಿಸ್ ಮನೆತನದವರು ಡೆಲವೇರ್‌ನಲ್ಲಿ ತಲೆಮಾರುಗಳಿಂದ ಬಲೆ ಎಳೆಯುತ್ತಾ ಬಂದಿದ್ದಾರೆ. ಪ್ರತಿ ವಸಂತಕ್ಕೆ ಎಷ್ಟು ಶ್ಯಾಡ್ ಬಂತು ಅಂತ ಲೆಕ್ಕ ಬರೆದಿಟ್ಟಿದ್ದಾರೆ. ಏಪ್ರಿಲ್ ಕೊನೆಗೆ ಊರಲ್ಲಿ ಶ್ಯಾಡ್ ಹಬ್ಬವೂ ಇರುತ್ತದೆ. ನಮ್ಮ ಮಲೆನಾಡಲ್ಲಿ ಮೃಗಶಿರಾ ಮಳೆಗೆ ಹತ್ತುಮೀನು ಗದ್ದೆಗೆ ಏರುವ ಹಾಗೇ ಇದೂ, ನೀರು ಕರೆದಾಗ ಮೇಲಕ್ಕೆ ಹತ್ತುತ್ತದೆ.

---

ಹೊಸಗಾಳ

ಸರ್, ಇನ್ನೊಂದು ಪ್ರಶ್ನೆ. ಮಗಳು ಒಂದು ಮೀನಾದರೂ ಮನೆಗೆ ತಂದು ಹುರಿಯಬೇಕು ಅಂತಾಳೆ. ತಪ್ಪಾ? ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು?

---

ನೊಣ ಕಟ್ಟುವವಳು

ತಪ್ಪೇನಿಲ್ಲ. ಹುರಿದು ತಿನ್ನಲಿ, ರವೆ ಹಚ್ಚಿ ಕಾವಲಿ ಮೇಲೆ ಹಾಕಿದರೆ ಟ್ರೌಟ್ ಬಹಳ ರುಚಿ. ನ್ಯೂಜೆರ್ಸಿಯಲ್ಲಿ ಮೀನು ಸಾಕುವ ಪೆಕ್ವೆಸ್ಟ್ ಹ್ಯಾಚರಿಯಿಂದ ಲಕ್ಷಗಟ್ಟಲೆ ರೇನ್‌ಬೋ ಟ್ರೌಟ್ ತಂದು ಬಿಡುವುದೇ ಜನ ಹಿಡಿದು ತಿನ್ನಲಿ ಅಂತ. ಬಹುತೇಕ ಹೊಳೆಗಳಲ್ಲಿ ಬೇಸಿಗೆಯ ಬಿಸಿ ನೀರಿನಲ್ಲಿ ಅವು ಹೇಗೂ ಉಳಿಯುವುದಿಲ್ಲ. ಎಷ್ಟು ಇಟ್ಟುಕೊಳ್ಳಬಹುದು, ಎಷ್ಟು ಉದ್ದ ಇರಬೇಕು ಅನ್ನುವುದನ್ನು ಆ ವರ್ಷದ ಪುಸ್ತಕದಲ್ಲಿ ನೋಡಿಕೊಳ್ಳಿ.

ಗುರುತು ಹೀಗೆ. ಹ್ಯಾಚರಿ ರೇನ್‌ಬೋಗೆ ಮೈಯುದ್ದಕ್ಕೂ ಗುಲಾಬಿ ಪಟ್ಟೆ, ಬಾಲದವರೆಗೂ ಕಪ್ಪು ಚುಕ್ಕೆ. ಸಿಮೆಂಟ್ ತೊಟ್ಟಿಯಲ್ಲಿ ಬೆಳೆದದ್ದಕ್ಕೆ ರೆಕ್ಕೆಗಳ ಅಂಚು ಎಷ್ಟೋ ಸಲ ಸವೆದು ಮೊಂಡಾಗಿರುತ್ತದೆ. ಬ್ರೂಕ್ ಟ್ರೌಟ್ ಬೇರೆಯೇ. ಬೆನ್ನ ಮೇಲೆ ಹುಳ ಹರಿದಾಡಿದಂಥ ತಿಳಿ ಗೆರೆಗಳು, ಪಕ್ಕದಲ್ಲಿ ನೀಲಿ ಬಳೆಯೊಳಗೆ ಕೆಂಪು ಚುಕ್ಕೆ, ಕೆಳಗಿನ ರೆಕ್ಕೆಗಳ ಮುಂಭಾಗಕ್ಕೆ ಬಿಳಿ ಅಂಚು. ಇದು ಇಲ್ಲಿಯ ಮೂಲ ಮೀನು. ನ್ಯೂಜೆರ್ಸಿಯ ರಾಜ್ಯ ಮೀನೂ ಹೌದು. ಬ್ರೌನ್ ಟ್ರೌಟ್ ಜರ್ಮನಿಯಿಂದ 1883ರಲ್ಲಿ ಬಂದದ್ದು, ರೇನ್‌ಬೋ ಪಶ್ಚಿಮ ಕರಾವಳಿಯಿಂದ ಬಂದದ್ದು. ಬ್ರೂಕ್ ಟ್ರೌಟ್ ಮಾತ್ರ ಹಿಮಯುಗದಿಂದ ಈ ಬೆಟ್ಟದ ಹಳ್ಳಗಳಲ್ಲೇ ಇದೆ. ಅದು ಸಿಕ್ಕರೆ ನೀರಿನಿಂದ ಎತ್ತದೆ ಬಿಡಿ. ಮಗಳಿಗೂ ತೋರಿಸಿ.

---

ಕ್ಯಾಟ್ಸ್‌ಕಿಲ್ ಕಡೆಯವ

ಹಳ್ಳದ ಮಾತು ಬಂದದ್ದರಿಂದ ಹೇಳುತ್ತೇನೆ. ಬ್ರೌನ್, ಬ್ರೂಕ್ ಎರಡೂ ಶರತ್ಕಾಲದಲ್ಲಿ ಜಲ್ಲಿಯೊಳಗೆ ಮೊಟ್ಟೆ ಇಡುತ್ತವೆ. ಮರಿಗಳು ಜಲ್ಲಿಯಿಂದ ಹೊರಬರುವುದು ಈಗ. ಸಣ್ಣ ಹೊಳೆಯಲ್ಲಿ, ಮಡು ಮುಗಿಯುವ ಕಡೆ ತಿಳಿ ಬಣ್ಣದ ಚೊಕ್ಕ ಜಲ್ಲಿ ಕಂಡರೆ ಅದರ ಮೇಲೆ ಕಾಲಿಡಬೇಡಿ, ಸುತ್ತಿ ಹೋಗಿ.

ಹೊಳೆಯಿಂದ ಹೊಳೆಗೆ ಹೋಗುವಾಗ ಬೂಟು ತೊಳೆದು ಪೂರ್ತಿ ಒಣಗಿಸಿ. ನ್ಯೂಜಿಲೆಂಡ್ ಮಡ್ ಸ್ನೇಲ್ ಅನ್ನುವ ಪುಟ್ಟ ಬಸವನಹುಳ ಪೆನ್ಸಿಲ್ವೇನಿಯಾದ ಸ್ಪ್ರಿಂಗ್ ಕ್ರೀಕ್‌ನಲ್ಲೂ ಸಿಕ್ಕಿದೆ, ಮಸ್ಕನೆಟ್‌ಕಾಂಗ್‌ನಲ್ಲೂ ಸಿಕ್ಕಿದೆ. ಒಂದೇ ಒಂದು ಸಾಕು, ಅದು ಗಂಡಿಲ್ಲದೆಯೇ ಮರಿ ಮಾಡುತ್ತದೆ. ಬೂಟನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿ ಇಟ್ಟರೂ ಸಾಯುತ್ತದೆ. ಮನೆಯಲ್ಲಿ ಬೈಸಿಕೊಳ್ಳದೆ ಇಡುವ ದಾರಿ ನೀವೇ ನೋಡಿಕೊಳ್ಳಿ.

ಮತ್ತೆ ರಕ್ತ ಹೀರುವ ಉಣ್ಣಿ. ಹುಲ್ಲು ದಾಟಿ ಬಂದ ಮೇಲೆ ಮೊಣಕಾಲ ಹಿಂದೆ, ಸೊಂಟ, ಕಿವಿ ಹಿಂದೆ ನೋಡಿಕೊಳ್ಳಿ. ಉಣ್ಣಿ ಕಚ್ಚಿ ಬರುವ ಲೈಮ್ ಕಾಯಿಲೆಗೆ ನಮ್ಮ ಮೂರೂ ರಾಜ್ಯ ಹೆಸರುವಾಸಿ. ಮೇ, ಜೂನ್‌ನಲ್ಲಿ ಬರುವ ಮರಿ ಉಣ್ಣಿ ಗಸಗಸೆಯಷ್ಟು ಚಿಕ್ಕದು.

---

ಹೊಳೆದಂಡೆ

ಹೊಸ ಸುದ್ದಿ. ಮನೆಯ ಮುಂದೆ ಫೋರ್ಸಿಥಿಯಾ ಬೇಲಿ ಪೂರ್ತಿ ಹಳದಿಯಾಗಿದೆ. ಅದು ಅರಳಿದರೆ ಹೆಂಡ್ರಿಕ್ಸನ್ ಬಂತು ಅಂತ ಇಲ್ಲಿನ ಹಳಬರ ಲೆಕ್ಕ. ಎರಡಕ್ಕೂ ಬೇಕಾದದ್ದು ದಿನದಿನಕ್ಕೆ ಕೂಡುತ್ತಾ ಬಂದ ಬಿಸಿ, ಹಾಗಾಗಿ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ನಿನ್ನೆ ಮಧ್ಯಾಹ್ನ ಗಾರ್ಜ್‌ನಲ್ಲಿ ನೀರು 51. ಹೈ ಬ್ರಿಜ್ ಗೇಜ್ 180. ಕಲ್ಲು ಮಗುಚಿದೆ, ಮೂರು ಬಾಲದವು ಬೇಕಾದಷ್ಟು ಇದ್ದವು, ಬೆನ್ನಿನ ಗಂಟು ಕಪ್ಪು. ಎರಡೂವರೆ ಹೊತ್ತಿಗೆ ಒಂದೊಂದಾಗಿ ಏಳತೊಡಗಿದವು. ರೆಕ್ಕೆ ಒಣಗುವವರೆಗೆ ನೀರಿನ ಮೇಲೆ ತೇಲುತ್ತಾ ಹೋಗುತ್ತವೆ, ಬೂದು ರೆಕ್ಕೆ ನೆಟ್ಟಗೆ ನಿಂತಿರುತ್ತದೆ. ಬಂಡೆಯ ಹಿಂದಿನ ನಿಧಾನ ನೀರಿನಲ್ಲಿ ಒಂದು ಬ್ರೌನ್ ಅವನ್ನು ಬಿಡದೆ ತಿನ್ನುತ್ತಿತ್ತು. ನಾನು ಮೇಲ್ಗಡೆಯಿಂದ ಬಿಟ್ಟ ಫ್ಲೈಯನ್ನು ಎರಡು ಸಲ ಹತ್ತಿರ ಬಂದು ನೋಡಿ ಬಿಟ್ಟಿತು. ಲೈನು ಸೆಳವಿಗೆ ಸಿಕ್ಕಿ ಫ್ಲೈ ಸ್ವಲ್ಪ ಎಳೆದಂತೆ ಆಗುತ್ತಿತ್ತು. ಎರಡು ಹೆಜ್ಜೆ ಕೆಳಗೆ ಹೋಗಿ ನಿಂತು, ಬಿಟ್ಟ ಕೂಡಲೇ ಲೈನನ್ನು ಮೇಲ್ಗಡೆಗೆ ಮಗುಚಿದೆ. ಆಗ ತೆಗೆದುಕೊಂಡಿತು.

ಶನಿವಾರ ಬರುವವರು ಬನ್ನಿ. ಮಧ್ಯಾಹ್ನ 1 ಗಂಟೆಗೆ ಸಾಕು, ಬೆಳಿಗ್ಗೆ ಬೇಗ ಬಂದು ಚಳಿಯಲ್ಲಿ ನಿಲ್ಲಬೇಡಿ. ಹೊಳೆ ಪಕ್ಕದ ಮಣ್ಣುರಸ್ತೆಯಲ್ಲಿ ಕಾರು ನಿಲ್ಲಿಸುವ ಜಾಗ ಕಡಿಮೆ, ಒಂದೇ ಕಾರಿನಲ್ಲಿ ಇಬ್ಬರು ಮೂವರು ಬಂದರೆ ಒಳ್ಳೆಯದು. ಹೊಸಗಾಳ ಅವರೇ, ಮಗಳನ್ನು ಕರೆದುಕೊಂಡು ಬನ್ನಿ. ಅವಳಿಗೆ ಕಾಸ್ಟಿಂಗ್, ಅಂದರೆ ಲೈನ್ ಬೀಸಿ ಎಸೆಯುವುದನ್ನು, ನಾನು ಹುಲ್ಲಿನ ಮೇಲೆ ಹೇಳಿಕೊಡುತ್ತೇನೆ.

---

ಹೊಸಗಾಳ

ಖಂಡಿತ ಬರುತ್ತೇವೆ ಸರ್. ಶುಕ್ರವಾರ ರಾತ್ರಿ ಮಳೆ ಅಂತ ಹೇಳುತ್ತಿದ್ದಾರೆ. ಬಂದರೆ?

---

ಹೊಳೆದಂಡೆ

ಶನಿವಾರ ಬೆಳಿಗ್ಗೆ 9ಕ್ಕೆ ಗೇಜ್ ನೋಡಿ ಇಲ್ಲೇ ಹಾಕುತ್ತೇನೆ. 250ರ ಒಳಗಿದ್ದರೆ ಗಾರ್ಜ್. ಅದಕ್ಕಿಂತ ಮೇಲಿದ್ದು ಇನ್ನೂ ಏರುತ್ತಿದ್ದರೆ ಭಾನುವಾರಕ್ಕೆ ಹಾಕೋಣ, ಶನಿವಾರ ನಮ್ಮ ಮನೆಗೆ ಬನ್ನಿ, ಮಗಳು ಫ್ಲೈ ಕಟ್ಟಲಿ. 14ನೇ ನಂಬರಿನ ಗಾಳ, ದಾರ, ಗರಿ ಎಲ್ಲ ಮನೆಯಲ್ಲಿದೆ.